ನೂರು ಹೆಜ್ಜೆ ದೂರದ ಅಕ್ಷರ

ಇಪ್ಪತ್ತು ವರ್ಷಗಳಿಂದ ಶಾಸಕರ ಹೆಸರನ್ನು ಊರಿನ ಗೋಡೆಗೋಡೆಗೂ ಬರೆದವನು ಪೇಂಟರ್. ಅವರ ಕಣ್ಣಿಗೆ ಹೆದರುತ್ತಿದ್ದಷ್ಟು ಅವನು ಹೆಂಡತಿಯ ಬಾಯಿಗೂ ಹೆದರಿದವನಲ್ಲ. ಓಡುವ ಕಾರಿನಿಂದಲೇ ನೂರು ಹೆಜ್ಜೆ ದೂರದ ಗೋಡೆ ನೋಡಿ, "ಮೂರನೇ ಅಕ್ಷರ ಕುಳ್ಳಾಯ್ತಲ್ಲಯ್ಯಾ" ಅನ್ನುವ ಆಸಾಮಿ. ಅಳತೆ ಹಿಡಿದರೆ ಅರ್ಧ ಬೆರಳು ಕಡಿಮೆಯೇ ಇರುತ್ತಿತ್ತು.

ಹೋದ ಚುನಾವಣೆಯಲ್ಲಿ ಪೇಂಟರನ ತಮ್ಮ ಏಣಿ ಹತ್ತಿ ಅದೇ ಹೆಸರಿಗೆ ಬಣ್ಣ ತುಂಬುತ್ತಿದ್ದ. ಎದುರು ಪಕ್ಷದ ಮೂವರು ಏಣಿ ಎಳೆದು ಕೆಡವಿ, ದೊಣ್ಣೆಯಿಂದ ಬಡಿದು ಕೊಂದರು. ರಸ್ತೆಯಾಚೆ ಕಾರಿನಲ್ಲಿದ್ದ ಶಾಸಕರೊಬ್ಬರೇ ಅದನ್ನು ಕಣ್ಣಾರೆ ಕಂಡವರು. ಹೆಣದ ಪಕ್ಕ ನಿಂತು, ತಾಯಿಯ ಕೈ ಹಿಡಿದು, "ಮೂವರ ಮುಖಾನೂ ನೋಡಿದೀನಿ ಕಣಮ್ಮಾ. ಕೋರ್ಟಲ್ಲಿ ಬೆರಳು ಮಾಡಿ ತೋರಿಸ್ತೀನಿ" ಎಂದಿದ್ದರು. ಆ ಮಾತು ನಂಬಿಕೊಂಡೇ ಮುದುಕಿ ಎರಡು ವರ್ಷ ಜೀವ ಹಿಡಿದುಕೊಂಡಿದ್ದಳು.

ಅಷ್ಟರಲ್ಲಿ ಶಾಸಕರು ಎದುರು ಪಕ್ಷಕ್ಕೇ ಹಾರಿ ಮಂತ್ರಿಯಾದರು. ಎಲ್ಲ ಅಭಿವೃದ್ಧಿಗಾಗಿ ಅಂದರು. ಯಾರ ಅಭಿವೃದ್ಧಿ ಅಂತ ಕೇಳಲು ಯಾರಿಗೂ ಬಾಯಿರಲಿಲ್ಲ. ಪೇಂಟರನೂ, ಅವರು ಸಾಕ್ಷಿ ಹೇಳುವತನಕ ಎದುರು ಹಾಕಿಕೊಳ್ಳುವುದು ಬೇಡ ಅಂತ, ಹಳೆಯ ಪಕ್ಷದ ಗುರುತು ಅಳಿಸಿ ತಮ್ಮನನ್ನು ಕೊಂದವರ ಗುರುತು ಬರೆದು, ಪಕ್ಕದಲ್ಲಿ ಮಂತ್ರಿಗಳ ಹೆಸರನ್ನೂ ಹೊಸದಾಗಿ ಬರೆದ. ಕೈ ನಡುಗಿತು, ಬರೆದ.

ಸಾಕ್ಷಿಯ ದಿನ ಮಂತ್ರಿಗಳು ದಪ್ಪ ಕನ್ನಡಕ ಹಾಕಿಕೊಂಡು ಕಟಕಟೆ ಹತ್ತಿದರು. ಆ ಕನ್ನಡಕವನ್ನು ಪೇಂಟರ್ ಕಂಡದ್ದು ಅದೇ ಮೊದಲು.

"ನನಗೆ ಮೊದಲಿಂದ್ಲೂ ದೂರದ್ದು ಕಾಣಲ್ಲ ಸ್ವಾಮಿ. ಯಾರೋ ಬಡಿದಾಡ್ತಿದ್ರು. ಮುಖ ಗೊತ್ತಾಗ್ಲಿಲ್ಲ."

ಅಲ್ಲಿಗೆ ಕೇಸು ಮುಗಿದಂತೆಯೇ. ಆ ಮೂವರಲ್ಲಿ ಒಬ್ಬ ಆಕಳಿಸಿದ. ತಾಯಿಗೆ ಕಿವಿ ಮಂದ. "ತೋರಿಸಿದ್ರೇನೋ?" ಎಂದು ಮಗನ ತೋಳು ಅಲ್ಲಾಡಿಸಿದಳು. ಅವನು ಅವಳನ್ನು ಮೆಲ್ಲಗೆ ಹೊರಗೆ ಕರೆತಂದ.

ಗೇಟಿನ ಬಳಿ ಮಂತ್ರಿಗಳ ಕಾರು ಅವರ ಪಕ್ಕದಲ್ಲೇ ನಿಧಾನವಾಯಿತು. ಕನ್ನಡಕ ಆಗಲೇ ಜೇಬು ಸೇರಿತ್ತು. ದೂರದ ವೃತ್ತದಾಚೆಯ ಗೋಡೆಯ ಮೇಲೆ ತಮ್ಮ ಹೆಸರು ಕಂಡದ್ದೇ ತಡ, ಇಪ್ಪತ್ತು ವರ್ಷದ ಚಾಳಿ, ಕಿಟಕಿಯಿಂದ ಬೆರಳು ಹೊರಗೆ ಬಂತು.

"ಏನಯ್ಯಾ ಪೇಂಟ್ರೇ, ಅಲ್ಲಿ ಎರಡನೇ ಅಕ್ಷರ ವಾಲಿದೆಯಲ್ಲ! ಸರಿಮಾಡು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಕಾರಿನ ಗಾಜು ಸರ್ರನೆ ಮೇಲೇರಿತು. ಪೇಂಟರ್ ಗೋಡೆಯತ್ತ ನೋಡಿದ. ಕೈ ನಡುಗಿದ ದಿನ ಬರೆದ ಅಕ್ಷರ ಅದು, ವಾಲಿತ್ತು.

"ಬೆರಳು ಮಾಡಿ ತೋರಿಸಿದ್ರಲ್ಲೋ, ನಾನೇ ನೋಡ್ದೆ!" ತಾಯಿಯ ಮುಖ ಅರಳಿತ್ತು. "ಯಾರನ್ನ ತೋರಿಸಿದ್ರು? ಆ ಮೂವರನ್ನೇ ತಾನೆ?"

"ಇಲ್ಲಮ್ಮಾ," ಎಂದ ಮಗ. "ನನ್ನ ತಪ್ಪು ತೋರಿಸಿದ್ರು."