ಹನ್ನೆರಡು ದೂರು, ಒಂದೇ ನಂಬರು

ಎರಡು ಕೈಯಲ್ಲೂ ಕುರ್ಚಿ ಹಿಡಿದು ಮಗಳು ಮೆಟ್ಟಿಲು ಇಳಿಯುತ್ತಿದ್ದಾಗ ಸತ್ತ ಅಮ್ಮನ ಫೋನು ಬೆಳಗಿನಿಂದ ಆರನೆಯ ಸಲ ಹೊಡೆದುಕೊಂಡಿತು.

"ಆಫ್ ಮಾಡಿ ಒಗೀ ಅದನ್ನ," ಅಂಗಳದಿಂದ ಸೋದರಮಾವ ಕೂಗಿದರು. "ಸತ್ತ ಮೇಲೂ ನಮ್ಮಕ್ಕನಿಗೆ ನೆಮ್ಮದಿ ಕೊಡಲ್ವಲ್ಲ."

ಮಗಳು ಕುರ್ಚಿ ಕೆಳಗಿಟ್ಟು ಫೋನೆತ್ತಿದಳು. ಹಿಂದಿನ ಐದು ಕರೆಗಳೂ ವಿಚಿತ್ರವಾಗಿದ್ದವು. ಒಬ್ಬರು ಹೆಡ್‌ಮಾಸ್ಟರನ್ನು ಕೇಳಿದ್ದರು, ಇನ್ನೊಬ್ಬರು ಯಾರೋ ದರ್ಜಿಯನ್ನು. ರಾಂಗ್ ನಂಬರ್ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಆನ್‌ಲೈನ್ ವಂಚನೆ ವಿಭಾಗದಿಂದ. ದೂರುದಾರರಾ ಮಾತಾಡ್ತಿರೋದು? ಇವತ್ತು ಐದು ಗಂಟೆಯೊಳಗೆ ಖುದ್ದಾಗಿ ಬಂದು ಹಾಜರಾಗಬೇಕು. ಇಲ್ಲಾಂದ್ರೆ ಫೈಲ್ ಕ್ಲೋಸ್."

"ಅಮ್ಮ ನಿನ್ನೆ ತೀರ್ಕೊಂಡ್ರು. ನಾನು ಮಗಳು. ನಾನು ಬಂದ್ರೆ ಆಗುತ್ತಾ?"

ಆ ಕಡೆ ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು ಕೇಳಿತು. "ಹಾಗಾದ್ರೆ ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಎರಡೂ ತರಬೇಕು."

"ಅವೆಲ್ಲ ಸಿಗೋಕೆ ಎಷ್ಟು ದಿನ?"

"ಒಂದು ತಿಂಗಳಾದ್ರೂ ಬೇಕು."

"ಫೈಲ್ ಕ್ಲೋಸ್ ಆಗೋದು?"

"ಇವತ್ತು ಐದಕ್ಕೆ."

ಆತ ಇಷ್ಟನ್ನೂ ಬಹಳ ಮರ್ಯಾದೆಯಿಂದಲೇ ಹೇಳಿದ. ಅದಕ್ಕೇ ಮಗಳಿಗೆ ಮೈಯೆಲ್ಲ ಉರಿದುಹೋಯಿತು.

*

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ಅಮ್ಮ. ಊರಿಗೆಲ್ಲ ಅವಳು ಕಂಡಕ್ಟರಮ್ಮ. ಖೋಟಾ ನೋಟನ್ನು ಬೆರಳ ತುದಿಯಲ್ಲೇ ಪತ್ತೆಹಚ್ಚುವವಳು, ಹನ್ನೆರಡು ತುಂಬಿದ ಹುಡುಗರು ಅರ್ಧ ಟಿಕೆಟ್ ಕೇಳಿದರೆ ಮುಖ ನೋಡಿಯೇ ವಯಸ್ಸು ಹೇಳುವವಳು. ಅಂಥವಳಿಗೆ ಒಂದು ಸಂಜೆ ಯಾರೋ ಫೋನ್ ಮಾಡಿ, ಕರೆಂಟ್ ಬಿಲ್ ಬಾಕಿ ಇದೆ, ಇನ್ನು ಹತ್ತೇ ನಿಮಿಷದಲ್ಲಿ ಲೈಟು ಹೋಗುತ್ತೆ ಎಂದು ಗಾಬರಿ ಹುಟ್ಟಿಸಿದ. ಅವನು ಒತ್ತು ಎಂದದ್ದನ್ನು ಅಮ್ಮ ಒತ್ತಿದಳು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮಂಡಿ ಆಪರೇಷನ್ನಿಗೆಂದು ಎತ್ತಿಟ್ಟದ್ದೆಲ್ಲ ಮಾಯವಾಗಿತ್ತು.

ಅಮ್ಮ ಠಾಣೆಗೆ ಹೋದಳು. ಠಾಣೆಯವರು ಬ್ಯಾಂಕಿಗೆ ಹೋಗಿ ಎಂದರು. ಬ್ಯಾಂಕಿನವರು ಸಹಾಯವಾಣಿಯ ನಂಬರು ಕೊಟ್ಟರು. ಸಹಾಯವಾಣಿ ಒಂದು ಒತ್ತಿ, ಒಂಬತ್ತು ಒತ್ತಿ ಎಂದು ಮುಕ್ಕಾಲು ಗಂಟೆ ಸಂಗೀತ ಕೇಳಿಸಿ, ಕೊನೆಗೆ ನಿಮ್ಮ ಹತ್ತಿರದ ಠಾಣೆಗೆ ಹೋಗಿ ಎಂದಿತು.

"ಬಿಟ್ಬಿಡಮ್ಮ," ಎಂದಿದ್ದಳು ಮಗಳು. "ನಾಲ್ಕು ಜನಕ್ಕೆ ಗೊತ್ತಾದ್ರೆ ನಗ್ತಾರೆ."

"ನಗ್ಲಿ ಬಿಡೇ. ಕದ್ದವನೇ ಆರಾಮಾಗಿ ತಿರುಗ್ತಿದಾನೆ, ನಾನ್ಯಾಕೆ ಮುಖ ಮುಚ್ಕೊಂಡು ಕೂತ್ಕೊಳ್ಳಲಿ?"

ಮಗಳು ಮಾತ್ರ ನೆಂಟರಿಗೆಲ್ಲ ಡಾಕ್ಟರೇ ಆಪರೇಷನ್ ಮುಂದೂಡಿದ್ದಾರೆ ಎಂದು ಹೇಳಿಕೊಂಡು ಬಂದಳು. ಅಮ್ಮ ಕುಂಟುತ್ತಲೇ ಹದಿನೈದು ತಿಂಗಳು ವಂಚನೆ ವಿಭಾಗದ ಆಫೀಸಿನ ಮೆಟ್ಟಿಲು ಹತ್ತಿದಳು. ಒಂದು ದಿನವೂ ಮಗಳು ಜೊತೆಗೆ ಹೋಗಲಿಲ್ಲ. ತಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಜೆ ಸಿಗುವುದಿಲ್ಲ ಎನ್ನುವುದು ನೆಪ. ನಿನ್ನೆ ಮಧ್ಯಾಹ್ನ ಉಂಡು ಮಲಗಿದ ಅಮ್ಮ ಏಳಲೇ ಇಲ್ಲ.

*

ಎರಡು ಗಂಟೆಗೆಲ್ಲ ಅಂಗಳ ತುಂಬಿತು. ಹಳೆಯ ಡ್ರೈವರುಗಳು, ನೆಂಟರು ಬಂದದ್ದು ಸರಿ, ಅವರಲ್ಲದೆ ಗುರುತು ಪರಿಚಯವಿಲ್ಲದ ಹತ್ತಾರು ಮಂದಿ ಬಂದು ಕೂತಿದ್ದರು. ಅಮ್ಮ ಹೇಗೆ ಗೊತ್ತು ಎಂದರೆ ಎಲ್ಲರೂ ತಡವರಿಸುತ್ತಿದ್ದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಹೆಂಡತಿಯನ್ನೂ ಕರೆತಂದಿದ್ದರು.

"ನಮ್ಮವರ ಹಳೇ ಶಿಷ್ಯೆ ಅಂತೆ, ಪಾಪ," ಎಂದು ಆಕೆ ಕಣ್ಣೊರೆಸಿಕೊಂಡರು. ಅಮ್ಮ ಮೇಷ್ಟ್ರಿಗಿಂತ ಮೂರು ವರ್ಷಕ್ಕಾದರೂ ದೊಡ್ಡವಳು. ಮೇಷ್ಟ್ರು ಆಕಾಶ ನೋಡಿದರು.

ಒಬ್ಬಾಕೆ ಮಗಳನ್ನು ಮೆಲ್ಲಗೆ ಅಡುಗೆಮನೆಗೆ ಕರೆದಳು. ಸೆರಗಿಗೆ ಚುಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆಯುವುದನ್ನೂ ಮರೆತು ಅಂಗಡಿಯಿಂದ ನೇರ ಬಂದಿದ್ದ ದರ್ಜಿ ಆಕೆ.

"ಅಮ್ಮನ ಫೋನ್ ನಿಮ್ಮ ಹತ್ರ ಇದ್ಯಾ? ನನ್ನನ್ನ ಕೇಳ್ಕೊಂಡು ಯಾರಾದ್ರೂ ಮಾಡಿದ್ರಾ?"

"ನಿಮ್ಮನ್ನ ಅಮ್ಮನ ಫೋನಲ್ಲಿ ಯಾಕೆ ಕೇಳ್ತಾರೆ?"

ಆಕೆ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ನಾನೂ ಫೋನಲ್ಲಿ ಮೋಸ ಹೋದವಳೇ. ನನ್ನ ದೂರಲ್ಲೂ ಅಮ್ಮನ ನಂಬರೇ ಇರೋದು. ನಂದು ಕೊಟ್ರೆ ಮಗ ಎತ್ತಿಬಿಡ್ತಾನೆ ಅಂತ ಭಯ. ಅಮ್ಮ, 'ನಂದೇ ಬರ್ಕೊಳ್ಳಿ, ಬಂದ್ರೆ ನಾನು ಹೇಳ್ತೀನಿ' ಅಂದ್ರು. ಆಮೇಲೆ ಎಲ್ರೂ ಹಾಗೇ ಮಾಡಿದ್ವಿ. ಹೊರಗೆ ಕೂತಿದಾರಲ್ಲ, ಎಲ್ರೂ."

*

ದರ್ಜಿ ಹೇಳಿದ್ದು ಇಷ್ಟು: ವಂಚನೆ ವಿಭಾಗದ ಆಫೀಸಿನ ಹಜಾರದಲ್ಲಿ ಕಾಯುವವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕಂಡಕ್ಟರಮ್ಮ ಬಂದ ಮೇಲೆ ಅದೆಲ್ಲ ನಡೆಯಲಿಲ್ಲ. ಬಸ್ಸಿನಲ್ಲಿ ಮಾಡಿಕೊಂಡು ಬಂದಂತೆ ವಯಸ್ಸಾದವರಿಗೆ ಸೀಟು ಬಿಡಿಸಿದಳು, ಮೂಲೆಯಲ್ಲಿ ಅಳುತ್ತಿದ್ದವರನ್ನು ಮುಂದೆ ತಳ್ಳಿದಳು, ಯಾವ ಅರ್ಜಿಗೆ ಯಾವ ಕಿಟಕಿ ಎಂದು ಬಾಯಿಪಾಠ ಮಾಡಿಸಿದಳು. ನಂಬರು ಕೊಡಲು ನಾಚಿದವರಿಗೆ ತನ್ನದನ್ನೇ ಕೊಟ್ಟಳು. ಹನ್ನೆರಡು ದೂರಿಗೂ ಒಂದೇ ನಂಬರು ಕಂಡ ಕಂಪ್ಯೂಟರು ಅವೆಲ್ಲವನ್ನೂ ಒಬ್ಬರದೇ ಎಂದು ತಿಳಿದು ಒಂದೇ ಫೈಲು ಮಾಡಿಬಿಟ್ಟಿತು. ಬೇರೆ ಬೇರೆ ಮಾಡಿಕೊಡಿ ಎಂದು ಅಮ್ಮ ಕೊಟ್ಟ ಅರ್ಜಿಯೇ ನಾಲ್ಕು ತಿಂಗಳಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

*

ಶವದ ವ್ಯಾನು ಬಂದಾಗ ನಾಲ್ಕು ಗಂಟೆ. ಅಮ್ಮನ ಫೈಲು ಮುಚ್ಚಿದರೆ ಹನ್ನೆರಡು ಮನೆಯ ದೂರು ಮುಚ್ಚಿದಂತೆ ಎಂದು ಮಗಳಿಗೆ ಈಗ ಅರ್ಥವಾಗಿತ್ತು. ಅಮ್ಮನನ್ನು ಒಳಗೆ ಮಲಗಿಸಿದ ಮೇಲೆ ಅವಳು ಡ್ರೈವರಿಗೆ ಹೇಳಿದಳು: "ಮೊದಲು ವಂಚನೆ ವಿಭಾಗದ ಆಫೀಸಿಗೆ ಹೋಗೋಣ."

ಮಾವ ಹೌಹಾರಿದರು. "ತಲೆ ಕೆಟ್ಟಿದ್ಯಾ? ಹೆಣ ತಗೊಂಡು ಆಫೀಸಿಗಾ? ಜನ ಏನಂದಾರು?"

"ಖುದ್ದಾಗಿ ಬರಬೇಕಂತೆ ಮಾವ. ಕರ್ಕೊಂಡು ಹೋಗ್ತಿದೀನಿ."

"ಯಾವ ದೂರು? ಏನು ಕತೆ?"

ಅವಳು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. "ಅಮ್ಮ ಫೋನಲ್ಲಿ ಮೋಸ ಹೋಗಿದ್ಲು. ಆಪರೇಷನ್ ಮುಂದೂಡಿದ್ದು ಡಾಕ್ಟರಲ್ಲ, ದುಡ್ಡೇ ಇರ್ಲಿಲ್ಲ. ಮುಚ್ಚಿಟ್ಟವಳು ನಾನು. ಅಮ್ಮ ಮುಚ್ಚಿಡಲಿಲ್ಲ."

ಹೇಳಿ ಮುಗಿಸಿದಾಗ ಎದೆ ಹಗುರವಾಗಿತ್ತು. ಯಾರೂ ನಗಲಿಲ್ಲ. ಮಾವ ವ್ಯಾನು ಹತ್ತಿ ಅಕ್ಕನ ಕಾಲ ಬಳಿ ಕೂತರು. ಉಳಿದವರು ಆಟೋ, ಸ್ಕೂಟರುಗಳಲ್ಲಿ ಹಿಂದೆ ಹೊರಟರು.

ಗೇಟಿನಲ್ಲಿ ವ್ಯಾನು ನಿಂತಾಗ ಐದಕ್ಕೆ ಹದಿನೆಂಟು ನಿಮಿಷವಿತ್ತು. ಗುಮಾಸ್ತ ಓಡಿಬಂದ. ಬೆಳಿಗ್ಗೆ ಮರ್ಯಾದೆಯಿಂದ ಮಾತಾಡಿದ್ದ ಅದೇ ದನಿ. "ಏನ್ರೀ ಇದು?"

"ದೂರುದಾರರು ಖುದ್ದಾಗಿ ಬಂದಿದಾರೆ," ಎಂದಳು ಮಗಳು, ಹಿಂಬಾಗಿಲು ತೆರೆದು. "ಹಾಜರಿ ಹಾಕ್ಕೊಳ್ಳಿ."

ಗುಮಾಸ್ತ ಬಗ್ಗಿ ನೋಡಿದ. "ಅಯ್ಯೋ, ಕಂಡಕ್ಟರಮ್ಮ," ಎಂದ. ಫೈಲಿನಲ್ಲಿ ಹೆಸರನ್ನಷ್ಟೇ ಓದಿದ್ದವನಿಗೆ ಆ ಹೆಸರು ಇವಳದೆಂದು ಗೊತ್ತಿರಲಿಲ್ಲ. ಮೇಲಿನ ಕಿಟಕಿಯಿಂದ ನೋಡುತ್ತಿದ್ದ ಅಧಿಕಾರಿ ತಾನೇ ಇಳಿದುಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಫೈಲ್ ಇಲ್ಲೇ ತಗೊಂಡು ಬಾ," ಎಂದ ಗುಮಾಸ್ತನಿಗೆ. "ಇವತ್ತೇ ಬೇರೆ ಬೇರೆ ಮಾಡಿ ಬರ್ಕೋ." ಮತ್ತೆ ಜನರತ್ತ ತಿರುಗಿದ. "ಆದ್ರೆ ಪ್ರತಿಯೊಬ್ಬರದೂ ಸ್ವಂತ ನಂಬರ್ ಬೇಕು. ನಿಮ್ಮದೇ ನಂಬರ್ ಕೊಡಬೇಕು, ನೋಡಿ."

ಮಗಳು ಅಮ್ಮನ ದೂರಿಗೆ ತನ್ನ ನಂಬರು ಹೇಳಿದಳು. ಗುಮಾಸ್ತ ಹಾಳೆಯನ್ನು ವ್ಯಾನಿನ ಮೈಗೆ ಒತ್ತಿ ಹಿಡಿದು ಬರೆದುಕೊಂಡ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ದರ್ಜಿ ಸೆರಗು ಸರಿಮಾಡಿಕೊಂಡು ಬಂದು ತನ್ನದನ್ನು ಹೇಳಿದಳು.

ಮೂರನೆಯವರಾಗಿ ಹೆಡ್‌ಮಾಸ್ಟರು ಬಂದರು. ನಲವತ್ತು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದವರು. "ಒಂಬತ್ತು, ನಾಲ್ಕು, ನಾಲ್ಕು..." ಎಂದು ಅಲ್ಲಿಗೇ ನಿಂತರು. ಹಿಂದೆ ನಿಂತಿದ್ದ ಅವರ ಹೆಂಡತಿಗೆ ಎಲ್ಲ ತಿಳಿದುಹೋಗಿತ್ತು. ಆಕೆ ಜನರನ್ನು ಸರಿಸಿಕೊಂಡು ಮುಂದೆ ಬರುವುದನ್ನು ಕಂಡು, ಜಗಳವಾದೀತೆಂದು ಮಗಳು ಅಡ್ಡ ಬರಲು ಒಂದು ಹೆಜ್ಜೆ ಇಟ್ಟಳು.

ಆಕೆ ಬಂದು ಗಂಡನ ಪಕ್ಕದಲ್ಲಿ ನಿಂತರು. ವ್ಯಾನಿನ ತೆರೆದ ಬಾಗಿಲ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಗಂಡನ ಮೊಣಕೈ ಹಿಡಿದುಕೊಂಡರು. ಉಳಿದ ಅಂಕಿಗಳನ್ನು ಒಂದೊಂದಾಗಿ, ಇಡೀ ಬೀದಿಗೆ ಕೇಳುವಂತೆ ಹೇಳತೊಡಗಿದರು.