ಮಡಿಕೆ ಇಲ್ಲದ ಪತ್ರಗಳು

ರಿವೇರಾಕ್ಕೆ ಬಸ್ ಟಿಕೆಟ್ ತೆಗೆದಾಗಿತ್ತು. ಕ್ಲೋರಿಂಡಾ ಸೋಸಾ ಅಲ್ಲಿ ಸಿಗುತ್ತಾಳೆಂಬ ಖಾತ್ರಿ ಇರಲಿಲ್ಲ. ಆದರೂ ಅವಳಿಗೆ ಕೊಡಲೆಂದು ನನ್ನ ಏಳು ಕಥೆಗಳನ್ನು ಒಟ್ಟಿಗೆ ಹೊಲಿಸಿ ನೀಲಿ ರಟ್ಟು ಹಾಕಿಸಿದ್ದೆ.

ನಲವತ್ತು ವರ್ಷಗಳ ಹಿಂದೆ ಮೊಂಟೆವಿಡಿಯೋದ ನಮ್ಮ ಸಂಘ ವೈಜ್ಞಾನಿಕ ಕಥೆಗಳ ಪುಟ್ಟ ಪತ್ರಿಕೆಯೊಂದನ್ನು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿತ್ತು. ಹೆಸರು ‘ಹತ್ತನೇ ಕಕ್ಷೆ’. ಕಥೆಗಳಿಗಿಂತ ಕೊನೆಯ ಪುಟಗಳ ಓದುಗರ ಪತ್ರಗಳೇ ನಮಗೆ ಹೆಚ್ಚು ಇಷ್ಟ. ಮುಖ ನೋಡದವರು ಅಲ್ಲಿ ಜಗಳವಾಡಿ ಸ್ನೇಹಿತರಾಗುತ್ತಿದ್ದರು. ಹಾಗೆ ಬರೆದವರನ್ನೆಲ್ಲ ಹುಡುಕಿ, ಯಾವ ಊರಿನವರು, ಮುಂದೆ ಏನಾದರು ಎಂದು ದಾಖಲಿಸುವ ಪುಸ್ತಕಕ್ಕಾಗಿ ನಾವು ನಾಲ್ವರು ಮೂರು ವರ್ಷ ದುಡಿದಿದ್ದೆವು. ಓದುಗರ ಬಳಗದ ಬಗ್ಗೆ ಮಾಡಿದ ಕೆಲಸಕ್ಕೆ ಓದುಗರೇ ಮತ ಹಾಕಿ ಕೊಡುವ ಬಹುಮಾನವೊಂದಿದೆ. ಅದಕ್ಕೆ ಪುಸ್ತಕ ಕಳಿಸಬೇಕಿತ್ತು. ಇನ್ನೂರ ಹನ್ನೆರಡು ಹೆಸರುಗಳಲ್ಲಿ ಉಳಿದದ್ದು ಒಂದೇ, ಕ್ಲೋರಿಂಡಾ.

ನನ್ನ ಕಥೆಗಳ ಬಗ್ಗೆ ಬರೆದವಳು ಅವಳೊಬ್ಬಳೇ. ಅಚ್ಚಾದ ಪತ್ರಗಳ ಕೆಳಗೆ ಅವಳ ಹೆಸರು, ರಿವೇರಾ ಎಂಬ ಊರು, ಅಷ್ಟೇ ಇರುತ್ತಿತ್ತು. ಆಗ ನಾನು ಗ್ರಂಥಾಲಯ ಶಾಸ್ತ್ರ ಓದುತ್ತ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಪತ್ರಿಕೆ ಬಂದ ದಿನ ಮೆಟ್ಟಿಲ ಮೇಲೆಯೇ ನಿಂತು ಕೊನೆಯ ಪುಟ ತೆರೆಯುತ್ತಿದ್ದೆ. ‘ನಿಮ್ಮ ಹಡಗಿನ ಅಡುಗೆಯವಳು ಆ ಗ್ರಹದಲ್ಲಿ ಇಳಿದ ಮೇಲೆ ಏನು ಮಾಡುತ್ತಾಳೆ?’ ಎಂದು ಒಂಬತ್ತನೇ ಪತ್ರದಲ್ಲಿ ಕೇಳಿದ್ದಳು. ಕೇಳಿದ್ದಕ್ಕೆ ಮುಂದಿನ ಸಂಚಿಕೆಯ ಪತ್ರಗಳಲ್ಲೇ ಉತ್ತರಿಸುವುದು ನಮ್ಮ ಪದ್ಧತಿ. ಮುಂದಿನ ಸಂಚಿಕೆ ಬರಲೇ ಇಲ್ಲ.

ಅವಳ ವಿಳಾಸಕ್ಕಾಗಿ ಸಂಪಾದಕ ಎಲ್ಬಿಯೊ ಪಿರಿಸ್ ನಮಗೆ ಕೊಟ್ಟಿದ್ದ ಹಳೆಯ ಪೆಟ್ಟಿಗೆ ತೆರೆದೆ. ಉಳಿದ ಪತ್ರಗಳೆಲ್ಲ ಮಡಿಸಿದಲ್ಲಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿದ್ದವು. ಅವಳ ಒಂಬತ್ತನ್ನೂ ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದರಲ್ಲೂ ಮಡಿಕೆ ಇರಲಿಲ್ಲ. ಅವು ಎಂದೂ ಲಕೋಟೆಯೊಳಗೆ ಹೋಗಿರಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಬಿಯೊ ಮನೆಗೆ ಹೋದೆ. ಎಂಬತ್ತಮೂರರ ಅವನಿಗೆ ಈಗ ಕಣ್ಣು ಮಂಜು. ಬೆರಳಿಂದ ಬಟ್ಟಲಿನ ಅಂಚು ತಡವಿ, ಒಂದು ಹನಿಯೂ ಚೆಲ್ಲದಂತೆ ಚಹಾದಂಥ ಮಾಟೆ ಪಾನೀಯಕ್ಕೆ ಬಿಸಿನೀರು ಹೊಯ್ದು, ನನಗೇ ಮೊದಲು ಕೊಟ್ಟ.

“ಕ್ಲೋರಿಂಡಾ ಪತ್ರಗಳು ಸಿಕ್ಕವು,” ಎಂದೆ. “ರಿವೇರಾದಿಂದ ಚಪ್ಪಟೆಯಾಗಿ ಬಂದಿವೆ. ಇಸ್ತ್ರಿ ಮಾಡಿಸಿದ್ಯಾ?”

ಅವನು ಬಿಸಿನೀರಿನ ಪಾತ್ರೆ ಕೆಳಗಿಟ್ಟ.

“ಮಡಚಬೇಕು ಅಂತ ಹೊಳೀಲೇ ಇಲ್ಲ ನೋಡು, ಇರ್ಮಾ.”

“ನಲವತ್ತು ವರ್ಷ, ಎಲ್ಬಿಯೊ.”

“ನಿನ್ನ ಮೊದಲ್ನೇ ಕಥೆಗೆ ಒಬ್ರೂ ಬರೀಲಿಲ್ಲ. ಸಭೇಲಿ ನೀನು ಬಾಗಿಲ ಹತ್ರ ಕೋಟು ಬಿಚ್ಚದೇ ಕೂತಿದ್ದೆ. ಇನ್ನೊಂದ್ಸಲ ಬರಲ್ಲ ಇವಳು ಅನ್ನಿಸ್ತು.”

“ನೀನೇ ಹೇಳಬಹುದಿತ್ತಲ್ಲ, ಚೆನ್ನಾಗಿದೆ ಅಂತ.”

“ಸಂಪಾದಕ ಹೇಳಿದ್ರೆ ಯಾರು ನಂಬ್ತಾರೆ? ಎಲ್ಲರಿಗೂ ಅದನ್ನೇ ಹೇಳ್ತಿದ್ದೆ.”

“ನನ್ನ ನಾಲ್ಕನೇ ಕಥೇನ ಪತ್ರದಲ್ಲಿ ನೀನು ಬೈದಿದ್ದೆ.”

“ಅದು ಕೆಟ್ಟದಾಗೇ ಇತ್ತು. ಈಗ್ಲೂ ಹೇಳ್ತೀನಿ.”

ನಗು ಬಂತು. ಆಮೇಲೆ ಕೈಯಲ್ಲಿದ್ದ ಮಾಟೆ ತಣ್ಣಗಾಗುವವರೆಗೂ ಕುಡಿಯಲಾಗಲಿಲ್ಲ. ಇಷ್ಟು ವರ್ಷ ಯಾವುದೋ ಊರಿನಲ್ಲಿ ನನ್ನನ್ನು ಬಲ್ಲ ಹೆಂಗಸೊಬ್ಬಳಿಗೆ ವಯಸ್ಸಾಗುತ್ತಿದೆ ಎಂದುಕೊಂಡಿದ್ದೆ.

“ಪುಸ್ತಕದಲ್ಲಿ ಏನ್ ಬರೀತೀಯ?” ಎಂದ. “ಬೇಕಾದ್ರೆ ಸತ್ತೋದ್ಲು ಅಂತ ಬರಿ. ನನಗೇನೂ ಬೇಜಾರಿಲ್ಲ.”

“ಇದ್ದದ್ದನ್ನೇ ಬರೀತೀನಿ.”

ಸಂಜೆ ಮನೆಯಲ್ಲಿ ಕೊನೆಯ ದಾಖಲೆ ಸೇರಿಸಿದೆ: ‘ಕ್ಲೋರಿಂಡಾ ಸೋಸಾ. ಒಂಬತ್ತು ಪತ್ರ. ಇರ್ಮಾ ಎಚೆವೆರಿ ಬರೆಯುವುದನ್ನು ನಿಲ್ಲಿಸದಿರಲೆಂದು ಸಂಪಾದಕರೇ ತಮ್ಮ ಮೇಜಿನ ಮುಂದೆ ಕೂತು ಬರೆದವು.’ ಬಹುಮಾನಕ್ಕೆ ಮತ ಹಾಕುವವರು ಓದಿ ನಕ್ಕರೆ ನಗಲಿ. ಟಿಕೆಟ್ ರದ್ದು ಮಾಡಿಸಿದೆ. ನೀಲಿ ರಟ್ಟಿನ ಪುಸ್ತಕವನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಸಲ ಜಾಗ ಬದಲಿಸಿದೆ.

ಬಳಿಕ ಒಂದು ಹಾಳೆ ತೆಗೆದುಕೊಂಡೆ. ‘ಪ್ರಿಯ ಕ್ಲೋರಿಂಡಾ, ಅಡುಗೆಯವಳು ಇಳಿದ ಮೇಲೆ ಮೊದಲು ಒಲೆಗೆ ಜಾಗ ಹುಡುಕಿದಳು. ಇಬ್ಬರಿಗಾಗುವಷ್ಟು ನೀರಿಟ್ಟಳು...’ ಬರೆದು ಮುಗಿಸಿ, ಮೂರು ಮಡಿಕೆ ಮಾಡಿ ಲಕೋಟೆಗೆ ಹಾಕಿ, ಮೇಲೆ ಎಲ್ಬಿಯೊ ವಿಳಾಸ ಬರೆದೆ.

ಅವನಿಗೆ ಅಕ್ಷರ ಕಾಣುವುದಿಲ್ಲ. ಅಂಚೆಯಲ್ಲಿ ತಲುಪಿದ ಮೇಲೆ ಓದಿ ಹೇಳಲು ನಾನೇ ಹೋಗಬೇಕು.