ಬೆನ್ನು ಸೀಳಿದ ಕೋಟು

ನಾನು ಒಂದು ಕೋಟು. ಬಣ್ಣ ಕಪ್ಪು, ಈಗ ಅದೂ ಅರ್ಧ ಸುಳ್ಳು. ರಾಣೆಬೆನ್ನೂರಿನ ದರ್ಜಿಯೊಬ್ಬ ನನ್ನನ್ನು ಹೊಲಿದದ್ದು ಅಡತಿ ಅಂಗಡಿಯ ಇಂದೂಧರನ ಮದುವೆಗೆ. ಒಂದೇ ಸಂಜೆ ಮೆರೆದೆ. ಆಮೇಲೆ ಮದುಮಗನ ಹೊಟ್ಟೆ ಬೆಳೆಯಿತು, ನಾನು ಬೆಳೆಯಲಿಲ್ಲ. ಹೀಗಾಗಿ ಅವನ ಗೆಳೆಯ, ಫೋಟೋ ಸ್ಟುಡಿಯೋದ ಗುದ್ಲೆಪ್ಪನ ಪಾಲಾದೆ.

ಗುದ್ಲೆಪ್ಪ ಮೊದಲು ಮಾಡಿದ ಕೆಲಸವೆಂದರೆ ಕತ್ತರಿ ತಂದು ನನ್ನ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ಸೀಳಿದ್ದು. ಎರಡೂ ಕಡೆ ಲಾಡಿ ಹಚ್ಚಿಸಿದ. ದಢೂತಿ ಬಂದರೆ ಸಡಿಲ, ಸಣಕಲ ಬಂದರೆ ಬಿಗಿ. ಫೋಟೋದಲ್ಲಿ ಬೆನ್ನು ಯಾರಿಗೆ ಕಾಣಬೇಕು? ಅಂದಿನಿಂದ ಈ ಊರಿನ ನೌಕರಿ ಅರ್ಜಿಗಳ ಮೇಲೆಲ್ಲ ನಾನೇ. ತಲೆ ಮಾತ್ರ ಬೇರೆ ಬೇರೆ.

ಕೋಟಿನ ಜೊತೆ ಗುದ್ಲೆಪ್ಪನ ಉಪದೇಶ ಪುಕ್ಕಟೆ. ತಾನು ಜನ್ಮದಲ್ಲಿ ಒಂದು ಸಂದರ್ಶನಕ್ಕೂ ಹೋದವನಲ್ಲ. “ನಗಬ್ಯಾಡ, ನಕ್ರ ಹಗುರಾಗ್ತಿ. ರೆಸ್ಯೂಮ್‌ದಾಗ ಲೀಡರ್‌ಶಿಪ್ ಅಂತ ಬರಸು. ವೀಕ್‌ನೆಸ್ ಏನು ಅಂತ ಕೇಳಿದ್ರ, ಭಾಳ ದುಡಿಯೂದ ನನ್ನ ವೀಕ್‌ನೆಸ್ ಅನ್ನು.” ಅಯ್ಯೋ ಶಿವನೇ! ಬಂದವರೆಲ್ಲ ಇದಕ್ಕೆ ತಲೆಯಾಡಿಸುತ್ತಿದ್ದರು.

ಫಕ್ಕೀರೇಶನೂ ಆಡಿಸಿದ. ಪದವಿ ಮುಗಿಸಿ ಮೂರು ಕಡೆ ಸಂದರ್ಶನ ಕೊಟ್ಟು ಬರಿಗೈಯಲ್ಲಿ ಬಂದವನು. ಬೀಜದ ಕಂಪನಿಯೊಂದರ ಮಾರಾಟದ ಕೆಲಸ ಕೊನೆಯ ಆಸೆ. ಅದೂ ತಪ್ಪಿದರೆ ಸೋದರಮಾವನ ಗಿರಣಿಯಲ್ಲಿ ಹಿಟ್ಟು ಬೀಸಲು ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವನ ಬೈಗುಳವನ್ನು ಬಾಲ್ಯದಿಂದಲೂ ಉಂಡಿದ್ದ ಅವನಿಗೆ ಗಿರಣಿಯೆಂದರೆ ಜೈಲು.

“ಫೋಟೋಕ್ಕಷ್ಟ ಅಲ್ಲ, ಇಂಟರ್ವ್ಯೂಕ್ಕೂ ಇದನ್ನ ಹಾಕ್ಕೊಂಡು ಹೋಗು. ಬೆನ್ನು ಮಾತ್ರ ತೋರಸಬ್ಯಾಡ,” ಎಂದ ಗುದ್ಲೆಪ್ಪ.

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ, ಹಣೆ ಇರಲಿಲ್ಲ. ಬೆನ್ನೇ ಇಲ್ಲದ ಕೋಟು ಹಾಕಿಕೊಂಡು ಸಂದರ್ಶನಕ್ಕೆ ಹೋಗುವ ಬುದ್ಧಿವಂತರನ್ನು ಎಲ್ಲಾದರೂ ಕಂಡಿದ್ದೀರಾ?

ಸಂದರ್ಶನದ ದಿನ ಫಕ್ಕೀರೇಶ ಏಡಿಯ ಹಾಗೆ ಅಡ್ಡಡ್ಡ ನಡೆದು ಕೋಣೆಯೊಳಗೆ ಹೊಕ್ಕ. ಎದುರಿಗೆ ಕಂಪನಿಯ ಇಬ್ಬರು ಅಧಿಕಾರಿಗಳು, ನಡುವೆ ಮುಖ್ಯಸ್ಥೆ ಸರಳಾದೇವಿ. ಹೆಸರು ಕೇಳಿದರೆ ಅವನು ಬಾಯಿಪಾಠದ ಇಂಗ್ಲಿಷಿನಲ್ಲಿ ತನ್ನ ಲೀಡರ್‌ಶಿಪ್ ಹೇಳಿದ. ಬೆವರೆಲ್ಲ ನನಗೇ ಇಳಿಯಿತು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಅವನ ರೆಸ್ಯೂಮ್ ಹಾರಿ ಗೋಡೆಯ ಬುಡಕ್ಕೆ ಬಿತ್ತು. ಉಪದೇಶ ಮರೆತು ತಿರುಗಿ ಬಗ್ಗಿದ. ಲಾಡಿ ಫಟ್ಟೆಂದು ಹರಿಯಿತು. ನಾನು ಎರಡು ಹೋಳಾಗಿ ಅವನ ತೋಳುಗಳಿಂದ ಜೋತುಬಿದ್ದೆ.

ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

“ಏನ್ರಿ ಇದು?” ಎಂದರು ಸರಳಾದೇವಿ.

ಫಕ್ಕೀರೇಶ ನನ್ನನ್ನು ಕಳಚಿ ಕುರ್ಚಿಯ ಮೇಲೆ ಹಾಕಿದ. “ಇದು ಸ್ಟುಡಿಯೋದ ಕೋಟ್ರಿ ಮೇಡಂ. ನಂದಲ್ಲ. ಆ ಲೀಡರ್‌ಶಿಪ್‌ನೂ ನಂದಲ್ಲ. ನನಗ ಈ ಕೆಲಸ ಭಾಳ ಬೇಕಾಗೇತ್ರಿ, ಅದಕ್ಕ ಹಿಂಗ ಬಂದೆ.”

ನಗು ನಿಂತಿತು. “ಬೀಜದ ಬಗ್ಗೆ ರೈತರಿಗೂ ಹಿಂಗ ಖರೇ ಹೇಳ್ತೀರೇನು?” ಎಂದು ಕೇಳಿದರು ಸರಳಾದೇವಿ.

“ಹೇಳಾಕ ಬೇಕ್ರಿ. ಸುಳ್ಳು ಹೇಳಿ ಒಂದ್ ಸಲ ಮಾರಬಹುದು. ಮುಂದಿನ ವರ್ಷ ಊರಾಗ ಕಾಲಿಡಾಕ ಬಿಡಂಗಿಲ್ಲ.”

ಕೆಲಸ ಸಿಕ್ಕಿತು. ಕುರ್ಚಿಯ ಮೇಲೆ ಬಿದ್ದುಕೊಂಡೇ ಹಿಗ್ಗಿದೆ. ಇನ್ನಾದರೂ ಈ ಜನಕ್ಕೆ ಬುದ್ಧಿ ಬಂದೀತು ಎಂದುಕೊಂಡೆ.

ಎಲ್ಲಿಯ ಬುದ್ಧಿ! ಗುದ್ಲೆಪ್ಪ ನನಗೆ ಹೊಸ ಲಾಡಿ ಹಚ್ಚಿ, “ನೌಕರಿ ಕೊಡಿಸಿದ ಕೋಟು” ಎಂದು ಊರಿಗೆಲ್ಲ ಡಂಗುರ ಸಾರಿದ. ಈಗ ಫೋಟೋಕ್ಕೆ ಕಂಪ್ಯೂಟರೇ ಕೋಟು ತೊಡಿಸುತ್ತದೆ. ನಾನು ಮೂಲೆಯ ಮೊಳೆಗೆ ನೇತಾಡುತ್ತ ನುಸಿಯಿಂದ ತಿನ್ನಿಸಿಕೊಳ್ಳುತ್ತಿದ್ದೇನೆ. ಆದರೂ ಸಂದರ್ಶನಕ್ಕೆ ಹೋಗುವವರು ನನ್ನನ್ನು ಬಿಡುವುದಿಲ್ಲ. ನನ್ನಿಂದ ಹೊರಬಂದ ಮೇಲೆಯೇ ಮನುಷ್ಯ ನಿಜ ಬಾಯಿಬಿಟ್ಟದ್ದೆಂದು ಇವರಿಗೆ ಯಾರು ತಿಳಿಸಿಹೇಳಬೇಕು? ಆ ಕೋಣೆಯಲ್ಲಿದ್ದ ಒಬ್ಬನಾದರೂ ಹೇಳಿಯಾನು ಎಂದು ಕಾದೆ.

ಮೊನ್ನೆ ಫಕ್ಕೀರೇಶನೇ ಬಂದ, ಕೆಲಸ ಹುಡುಕುತ್ತಿದ್ದ ತಂಗಿಯನ್ನು ಕರೆದುಕೊಂಡು. ಧೂಳು ಕೊಡವಿ, ನನ್ನನ್ನು ಅವಳಿಗೆ ತೊಡಿಸಿ, ತನ್ನ ಕೈಯಾರೆ ಲಾಡಿ ಬಿಗಿದ.

“ಒಳಗ ಹೋದ ಮ್ಯಾಲ ಏನರ ಆಗ್ಲಿ,” ಎಂದ, “ಇದನ್ನ ಮಾತ್ರ ತಗೀಬ್ಯಾಡವ್ವಾ.”